ನಮ್ಮ ಬಡಾವಣೆಗೆ ಸಿಸಿ ಕ್ಯಾಮೆರಾ ಯಾಕೆ ಇನ್ನೂ ಬಂದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸೇಡಂ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ನಮ್ಮ ಬಡಾವಣೆಯಲ್ಲಿ 14 ಕ್ಯಾಮೆರಾ ಹಾಕಬೇಕೆಂದು ತೀರ್ಮಾನ ಮಾಡಿ ಒಂದು ವರ್ಷ ದಾಟಿತು. ಹಾಲಿನ ಅಂಗಡಿ ಮುಂದೆ, ಗುಡಿ ಕಟ್ಟೆ ಮೇಲೆ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕರೂ ಒಂದೇ ಮಾತು: "ಏನ್ರೀ, ಕ್ಯಾಮೆರಾ ಎಲ್ಲಿಗಿ ಬಂತ್ರಿ?" ಕೇಳಬೇಕಾದದ್ದೇ. ಪಟ್ಟಿ, ಅಂದರೆ ಚಂದಾ ಹಣ, ಕೊಟ್ಟವರು ನೀವು. ಒಬ್ಬೊಬ್ಬರಿಗೆ ಒಂದೊಂದು ಅರ್ಧ ಉತ್ತರ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆಯೋಣ ಅನ್ನಿಸಿತು. ಬಡಾವಣೆಯ ನಿವಾಸಿಗಳ ಸಂಘದ ಕ್ಯಾಮೆರಾ ಕೆಲಸ ನೋಡಿಕೊಳ್ಳುವವನು ನಾನು. ಆದ್ದರಿಂದ ಬರೆಯುವ ಹೊಣೆಯೂ ನನ್ನದೇ.

ಮೊದಲು ನೇರವಾಗಿ ಹೇಳಿ, ತಡ ಯಾಕೆ?

ಕ್ಯಾಮೆರಾ ಕೊಳ್ಳುವುದು ಒಂದು ದಿನದ ಕೆಲಸ. ಅದಕ್ಕೆ ಕಂಬ ಯಾರದು, ಕರೆಂಟ್ ಯಾರದು, ರೆಕಾರ್ಡಿಂಗ್ ಪೆಟ್ಟಿಗೆ ಯಾರ ಮನೆಯಲ್ಲಿ, ಕೆಟ್ಟರೆ ರಿಪೇರಿ ಮಾಡಿಸುವವರು ಯಾರು? ಈ ನಾಲ್ಕಕ್ಕೆ ಉತ್ತರ ಸಿಗದೆ ಕೆಲಸ ನಿಂತಿತು. ನಾವು ಮೊದಲು ಹಣ ಕೂಡಿಸಿದೆವು, ಆಮೇಲೆ ಈ ಪ್ರಶ್ನೆ ಕೇಳಿಕೊಂಡೆವು. ತಿರುಗಾಮುರುಗಾ ಆಯಿತು. ಅದು ಸಂಘದ ತಪ್ಪು, ಒಪ್ಪಿಕೊಳ್ಳುತ್ತೇವೆ.

ಈ ಮಾತು ಶುರುವಾದದ್ದು ಯಾವಾಗ?

2024ರ ದೀಪಾವಳಿ ಮುಗಿದ ವಾರ. ಊರಿಗೆ ಹೋಗಿದ್ದ ಎರಡು ಮನೆಗಳ ಬೀಗ ಮುರಿದಿದ್ದರು. ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಪಕ್ಕದ ಮನೆಯ ಅಕ್ಕ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಕೊರಳಿನ ಸರಕ್ಕೆ ಕೈ ಹಾಕಿದರು. ಸರ ಹೋಯಿತು, ಕುತ್ತಿಗೆಗೆ ಗಾಯವೂ ಆಯಿತು. ಇವತ್ತಿಗೂ ಅವರು ಅಂಗಳಕ್ಕೆ ಬಂದರೆ ಗೇಟಿನ ಚಿಲಕ ಹಾಕಿಕೊಂಡೇ ರಂಗೋಲಿ ಹಾಕುತ್ತಾರೆ. ಅದನ್ನು ದಿನಾ ನೋಡುವವರಿಗೆ ಈ ಕೆಲಸ ಎಷ್ಟು ಬೇಗ ಆಗಬೇಕು ಅನ್ನುವುದು ಬೇರೆಯವರು ಹೇಳಬೇಕಾಗಿಲ್ಲ.

ನಾವು ಕೊಟ್ಟ ಹಣ ಎಲ್ಲಿದೆ?

ಬ್ಯಾಂಕಿನಲ್ಲಿದೆ. ಮನೆಗೆ 2,500 ರೂಪಾಯಿ ಎಂದು ನಿಗದಿ ಮಾಡಿದ್ದೆವು. 120 ಮನೆಗಳಲ್ಲಿ 86 ಮನೆಯವರು ಕೊಟ್ಟಿದ್ದಾರೆ. ಒಟ್ಟು 2,15,000 ರೂಪಾಯಿ. ಅಂಗಡಿಗೆ ಕೊಟ್ಟ ಮುಂಗಡ ವಾಪಸ್ ಬಂದಿದೆ. ರಸೀದಿ ಪುಸ್ತಕ, ಪಾಸ್‌ಬುಕ್ ಎರಡೂ ಖಜಾಂಚಿಯವರ ಬಳಿ ಇವೆ. ಯಾವ ಭಾನುವಾರ ಬಂದರೂ ನೋಡಬಹುದು.

ಇಲ್ಲಿಯೂ ಮೂರು ತಿಂಗಳು ಹೋಯಿತು. ನಮ್ಮ ಸಂಘ ಆಗ ನೋಂದಣಿ ಆಗಿರಲಿಲ್ಲ. ಗಣಪತಿ ಕೂಡಿಸಲು, ಜಾತ್ರೆಗೆ ಅನ್ನದಾಸೋಹ ಮಾಡಲು ಪಟ್ಟಿ ಎತ್ತಿದ ಹಾಗೆ ಇದಕ್ಕೂ ಎತ್ತಿದೆವು. ಆದರೆ ಗಣಪತಿ ಹಣ ಹನ್ನೊಂದು ದಿನದಲ್ಲಿ ಖರ್ಚಾಗುತ್ತದೆ. ಕ್ಯಾಮೆರಾ ಹಣಕ್ಕೆ ವರ್ಷವರ್ಷ ಲೆಕ್ಕ ಇರಬೇಕು. ನೋಂದಣಿ ಇಲ್ಲದೆ ಸಂಘದ ಹೆಸರಿನಲ್ಲಿ ಖಾತೆ ತೆರೆಯಲು ಆಗಲಿಲ್ಲ. ಕೊನೆಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಿದೆವು. ಈಗ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸಲೇಬೇಕು. ತಡವಾದರೂ ಇದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ನೀವು ಬೇರೆ ಬಡಾವಣೆಯವರಾದರೆ ಮೊದಲು ನೋಂದಣಿ, ಆಮೇಲೆ ಪಟ್ಟಿ.

ಮುಂಗಡ ಕೊಟ್ಟಾಗಿತ್ತು, ಮಾಲು ಯಾಕೆ ಬರಲಿಲ್ಲ?

ನಮ್ಮ ಆರ್ಡರ್ ಹೋದದ್ದು 2025ರ ಮಾರ್ಚ್ ಕೊನೆಗೆ. ಏಪ್ರಿಲ್ 9ಕ್ಕೆ ಕೇಂದ್ರ ಸರ್ಕಾರದ ಹೊಸ ನಿಯಮ ಜಾರಿಗೆ ಬಂತು. ದೇಶದಲ್ಲಿ ತಯಾರಾಗುವ, ಹೊರಗಿನಿಂದ ಬರುವ ಎಲ್ಲ ಸಿಸಿ ಕ್ಯಾಮೆರಾಗಳೂ ಭದ್ರತಾ ಪರೀಕ್ಷೆಯಲ್ಲಿ ಪಾಸಾಗಬೇಕು, ಆಮೇಲೆಯೇ ಮಾರಾಟ. ಒಳಗಿನ ಸಾಫ್ಟ್‌ವೇರ್ ಎಂಥದ್ದು, ಹೊರಗಿನವರು ಕದ್ದು ನುಸುಳಲು ದಾರಿ ಇದೆಯಾ, ಇವೆಲ್ಲ ನೋಡುತ್ತಾರೆ. ನಿಯಮ ಪ್ರಕಟವಾದದ್ದು ಅದಕ್ಕೂ ಒಂದು ವರ್ಷ ಮೊದಲು, 2024ರ ಏಪ್ರಿಲ್‌ನಲ್ಲಿ. ಆದರೂ ಎಷ್ಟೋ ಕಂಪನಿಗಳ ಮಾದರಿಗಳಿಗೆ ಸಮಯಕ್ಕೆ ಸರಿಯಾಗಿ ಪ್ರಮಾಣಪತ್ರ ಸಿಗಲಿಲ್ಲ.

ನಮಗೆ ಒಪ್ಪಿಸಿದ್ದ ಮಾದರಿಗೂ ಪ್ರಮಾಣಪತ್ರ ಇರಲಿಲ್ಲ. ಅಂಗಡಿಯವರು ಅದನ್ನು ಹೇಳದೆ "ಇವತ್ತು ನಾಳೆ" ಎಂದು ಎರಡು ತಿಂಗಳು ನೂಕಿದರು. ಆಮೇಲೆ ಹೆಸರೇ ಕೇಳದ ಬೇರೆ ಡಬ್ಬಿ ತಂದರು. ನಾವು ಬೇಡ ಎಂದು ಮುಂಗಡ ವಾಪಸ್ ಪಡೆದೆವು. ಕೆಲವರು "ತಗೊಂಡುಬಿಡ್ರಿ, ಹ್ಯಾಂಗರ ಕೆಲಸ ಆಗ್ತದ" ಎಂದರು. ನಾನು ಒಪ್ಪಲಿಲ್ಲ. ನಮ್ಮ ಮನೆ ಬಾಗಿಲು ನೋಡುವ ಕಣ್ಣು ಅದು. ಒಳಗೆ ಏನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆಯನ್ನು ಬಾಗಿಲಿಗೆ ತೂಗುಹಾಕಲು ಆಗುವುದಿಲ್ಲ. ಹೊಸ ಕೊಟೇಶನ್‌ಗಳಲ್ಲಿ ಮಾದರಿ ಸಂಖ್ಯೆ ಮತ್ತು ಅದರ ಪ್ರಮಾಣಪತ್ರದ ಪ್ರತಿ ಎರಡನ್ನೂ ಕೇಳಿದ್ದೇವೆ.

ಲೈಟಿನ ಕಂಬ ಇವೆ ಅಲ್ವಾ, ಅದಕ್ಕೇ ಕಟ್ಟಿದರೆ ಮುಗೀತು?

ಎಲ್ಲರೂ ಕೇಳುವ ಪ್ರಶ್ನೆ ಇದು. ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಎರಡು ತೊಂದರೆ ಇವೆ.

ಒಂದು, ಕಂಬ ನಮ್ಮದಲ್ಲ. ಕರೆಂಟಿನ ಕಂಬ ಜೆಸ್ಕಾಂನದು. ಬೀದಿ ದೀಪದ ನಿರ್ವಹಣೆ ಮಹಾನಗರ ಪಾಲಿಕೆಯದು. ಲೇಔಟ್ ಮಾಡಿದವರು ಇನ್ನೂ ಪಾಲಿಕೆಗೆ ಹಸ್ತಾಂತರ ಮಾಡಿರದಿದ್ದರೆ ಬೀದಿ ದೀಪಕ್ಕೆ ಯಾರನ್ನು ಕೇಳಬೇಕು ಅನ್ನುವುದೇ ಗೊಂದಲ. ನಮ್ಮಲ್ಲಿ ಹಿಂದಿನ ಮೂರು ಓಣಿ ಹಾಗೇ ಇವೆ. ಅನುಮತಿ ಇಲ್ಲದೆ ಕಂಬ ಹತ್ತುವುದು ಅಪರಾಧದ ಮಾತು ಬಿಡಿ, ಜೀವಕ್ಕೇ ಅಪಾಯ.

ಎರಡನೆಯದು ಯಾರಿಗೂ ಹೊಳೆಯದೇ ಇದ್ದದ್ದು. ಬೀದಿ ದೀಪದ ವೈರಿಗೆ ಕರೆಂಟ್ ಬರುವುದು ರಾತ್ರಿ ಮಾತ್ರ. ಸಂಜೆ ಸ್ವಿಚ್ ಹಾಕುತ್ತಾರೆ, ಬೆಳಿಗ್ಗೆ ತೆಗೆಯುತ್ತಾರೆ. ಅದಕ್ಕೆ ಕ್ಯಾಮೆರಾ ಜೋಡಿಸಿದರೆ ಹಗಲೆಲ್ಲ ಕಣ್ಣು ಮುಚ್ಚಿರುತ್ತದೆ. ಅಕ್ಕನ ಸರ ಹೋದದ್ದು ಬೆಳಕು ಹರಿದ ಮೇಲೆ. ಹಗಲೂ ರಾತ್ರಿ ಕರೆಂಟ್ ಬೇಕೆಂದರೆ ಬೇರೆ ವೈರು ಎಳೆಯಬೇಕು.

ಹಾಗಾದರೆ ನಮ್ಮದೇ ಕಂಬ ನೆಡಿ. ಅದಕ್ಕೂ ಇಷ್ಟು ದಿನವಾ?

ನೆಟ್ಟೆವು. 2025ರ ಮೇ ತಿಂಗಳಲ್ಲಿ ಮೂರು ಕಂಬ ನಿಲ್ಲಿಸಿದೆವು. ಎರಡಡಿ ಗುಂಡಿ, ಸುತ್ತ ಸ್ವಲ್ಪ ಕಾಂಕ್ರೀಟ್. ಬೇಸಿಗೆಯಲ್ಲಿ ನೆಟ್ಟಗೆ ನಿಂತಿದ್ದವು. ಆ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಭಾಗಕ್ಕೆಲ್ಲ ಎಂಥ ಮಳೆ ಬಂತು, ಭೀಮೆ ಹೇಗೆ ಉಕ್ಕಿದಳು, ನಿಮಗೆ ನೆನಪಿದೆ. ಮಳೆ ನಿಂತ ಮೇಲೆ ನೋಡಿದರೆ ಎರಡು ಕಂಬ ವಾಲಿದ್ದವು.

ನಮ್ಮದು ಎರೆ ಭೂಮಿ. ತೊಗರಿಗೆ ಒಳ್ಳೆಯದು, ಕಂಬಕ್ಕೆ ಅಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ನಮ್ಮ ಮನೆಗಳ ಕಾಂಪೌಂಡ್ ಗೋಡೆ ಯಾಕೆ ಸೀಳುತ್ತವೆ, ಅಂಗಳದ ಶಹಾಬಾದ್ ಫರ್ಸಿ ಯಾಕೆ ಏಳುತ್ತದೆ? ಎಲ್ಲ ಅದೇ ಕಾರಣ. ಕ್ಯಾಮೆರಾ ಕಂಬ ಒಂದು ಗೇಣು ವಾಲಿದರೂ ರಸ್ತೆ ನೋಡಬೇಕಾದ ಕ್ಯಾಮೆರಾ ಯಾರದೋ ತಾರಸಿ ನೋಡುತ್ತದೆ. ಗೌಂಡಿ ಕೆಲಸದ ಹಿರಿಯ ಕಾಕಾ ಒಬ್ಬರು ಬಂದು ನೋಡಿ, ಗುಂಡಿ ನಾಲ್ಕೂವರೆ ಅಡಿ ಇಳಿಸಿ, ಎರೆ ಮಣ್ಣು ಪೂರ್ತಿ ತೆಗೆದು, ಮುರುಮ (ಗರಸು ಮಣ್ಣು) ತುಂಬಿ ಕುಟ್ಟಿ, ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕಿ ಎಂದರು. ಈಗ ಹಾಗೇ ಮಾಡುತ್ತಿದ್ದೇವೆ. ಖರ್ಚು ಜಾಸ್ತಿ. ಆದ್ದರಿಂದ ಒಂಬತ್ತು ಕಂಬದ ಬದಲು ಐದೇ ಕಂಬ. ಉಳಿದ ಕ್ಯಾಮೆರಾಗಳು ಒಪ್ಪಿಗೆ ಕೊಟ್ಟವರ ಮನೆ ಗೋಡೆ ಮೇಲೆ.

ಇನ್ನು ರಸ್ತೆ ಅಗೆಯುವ ವಿಷಯ. ವೈರು ರಸ್ತೆ ದಾಟುವ ಕಡೆ ಪಾಲಿಕೆಯ ಅನುಮತಿ ಬೇಕು. ನಮ್ಮ ಮೊದಲ ಅರ್ಜಿಯಲ್ಲಿ ನಕ್ಷೆಯೇ ಇರಲಿಲ್ಲ. ತಿರುಗಿ ಬಂತು. ನಕ್ಷೆ ಬರೆಸಿ ಮತ್ತೆ ಕೊಟ್ಟಿದ್ದೇವೆ.

ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ?

ಇಲ್ಲೇ ಎಲ್ಲಕ್ಕಿಂತ ಜಾಸ್ತಿ ಮಾತುಕತೆ ಆಯಿತು. ಲೆಕ್ಕ ನೋಡಿ. ರಾತ್ರಿ ಒಂದು ಕ್ಯಾಮೆರಾಗೆ ಸುಮಾರು 8 ವ್ಯಾಟ್. 14 ಕ್ಯಾಮೆರಾಗೆ 112. ರೆಕಾರ್ಡರ್ ಮತ್ತು ಕ್ಯಾಮೆರಾ ವೈರು ಕೂಡುವ ನೆಟ್‌ವರ್ಕ್ ಸ್ವಿಚ್‌ಗಳಿಗೆ ಇನ್ನೊಂದು 50 ಹಿಡಿಯಿರಿ. ಸುಮಾರು 160 ವ್ಯಾಟ್, ದಿನದ 24 ಗಂಟೆ. ತಿಂಗಳಿಗೆ 115 ಯೂನಿಟ್ ಆಯಿತು.

ಒಂದೇ ಮನೆಯಿಂದ ಕೊಟ್ಟರೆ ಆ ಮನೆಯವರ ಗೃಹಜ್ಯೋತಿ ಹೋಗುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ. ನಿವೃತ್ತ ಮೇಷ್ಟ್ರೊಬ್ಬರು "ನಮ್ಮ ಮನ್ಯಾಗ ಇಡ್ರಿ" ಎಂದು ಮೊದಲು ಒಪ್ಪಿದ್ದರು. ಲೆಕ್ಕ ಹಾಕಿದ ಮೇಲೆ ನಾವೇ ಬೇಡ ಎಂದೆವು. ಒಳ್ಳೆಯತನಕ್ಕೆ ದಂಡ ಬೀಳಬಾರದು. ಸಂಘದ ಹೆಸರಿನಲ್ಲಿ ಪ್ರತ್ಯೇಕ ಮೀಟರ್ ತೆಗೆದುಕೊಂಡು ಗುಡಿಯ ಪಕ್ಕದ ಕೋಣೆಯಲ್ಲಿ ಇಡುವುದು ಎಂದು ತೀರ್ಮಾನ ಆಗಿದೆ. ತಿಂಗಳ ಬಿಲ್ಲು ಸಂಘದ್ದು.

ಕರೆಂಟ್ ಹೋದಾಗ ಏನು ಗತಿ?

150 ಆಂಪಿಯರ್ ಅವರ್‌ನ ಒಂದು ಬ್ಯಾಟರಿ, ಇನ್ವರ್ಟರ್ ಇಡುತ್ತೇವೆ. ಈ ಹೊರೆಗೆ ಏಳೆಂಟು ಗಂಟೆ ಬರುತ್ತದೆ. ಬೇಸಿಗೆಯಲ್ಲಿ ಕೋಣೆಗೆ ಗಾಳಿ ಆಡಬೇಕು. ನಮ್ಮ ಊರಿನ 42, 43 ಡಿಗ್ರಿ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲಿ ಹಾರ್ಡ್ ಡಿಸ್ಕ್ ಜಾಸ್ತಿ ದಿನ ಬಾಳುವುದಿಲ್ಲ. ಇಂಟರ್‌ನೆಟ್ ಹೋದರೆ ಚಿಂತೆ ಇಲ್ಲ, ರೆಕಾರ್ಡಿಂಗ್ ಅದರ ಪಾಡಿಗೆ ನಡೆಯುತ್ತದೆ.

ಇಷ್ಟೆಲ್ಲ ಮಾಡಿದರೆ ಕಳ್ಳತನ ನಿಲ್ಲುತ್ತದಾ?

ಪೂರ್ತಿ ನಿಲ್ಲುವುದಿಲ್ಲ. ಹಾಗೆ ಹೇಳಿ ನಿಮ್ಮಿಂದ ಹಣ ಕೇಳುವುದು ನನಗೆ ಸರಿ ಅನ್ನಿಸುವುದಿಲ್ಲ.

ಬೇರೆ ಬೇರೆ ದೇಶಗಳಲ್ಲಿ 40 ವರ್ಷ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಸಂಶೋಧನೆಯೊಂದು 2019ರಲ್ಲಿ ಪ್ರಕಟವಾಯಿತು. ಕ್ಯಾಮೆರಾ ಇದ್ದ ಕಡೆ ಅಪರಾಧ ಸುಮಾರು 13% ಕಡಿಮೆಯಾಗಿತ್ತು. ಅತಿ ಜಾಸ್ತಿ ಉಪಯೋಗ ಆದದ್ದು ವಾಹನ ನಿಲ್ಲಿಸುವ ಜಾಗಗಳಲ್ಲಿ. ಸುಮ್ನೆ ಕ್ಯಾಮೆರಾ ಹಾಕಿ ಬಿಟ್ಟ ಕಡೆಗಿಂತ, ಯಾರಾದರೂ ಕೂತು ನೋಡುವ ಕಡೆ, ಜೊತೆಗೆ ಬೆಳಕು ಮತ್ತು ಕಾವಲು ಇದ್ದ ಕಡೆ ಫಲ ಜಾಸ್ತಿ. ಕುಡಿದು ಹೊಡೆದಾಡುವಂಥ ಸಿಟ್ಟಿನ ಅಪರಾಧಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಂಡಿಲ್ಲ.

ನಮ್ಮ ಪಕ್ಕದ ಬೀದರ್ ನೆನಪು ಮಾಡಿಕೊಳ್ಳಿ. 2025ರ ಜನವರಿ 16ರಂದು ಊರ ನಡುವೆ, ಹಾಡಹಗಲೇ, ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿ ಪೆಟ್ಟಿಗೆ ಹೊತ್ತೊಯ್ದರು. ಒಬ್ಬರ ಜೀವ ಹೋಯಿತು. ಆ ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಗಿತ್ತು, ನಾವೆಲ್ಲ ಟಿವಿಯಲ್ಲಿ ನೋಡಿದೆವು. ಕ್ಯಾಮೆರಾ ಅವರನ್ನು ತಡೆಯಲಿಲ್ಲ. ಪೊಲೀಸರಿಗೆ ಜಾಡು ಹಿಡಿಯಲು ಮಾತ್ರ ಸಹಾಯಕ್ಕೆ ಬಂತು. ಇದನ್ನು ತಿಳಿದುಕೊಂಡೇ ಹಾಕೋಣ. ಬೀಗ ಹಾಕಿದ ಮನೆ ಹುಡುಕಿಕೊಂಡು ಓಣಿ ಓಣಿ ಸುತ್ತುವವನು ಕ್ಯಾಮೆರಾ ಕಂಡರೆ ಮುಂದಕ್ಕೆ ಹೋಗಬಹುದು. ಅಷ್ಟು ಉಪಯೋಗ ಆದರೂ ನಮಗೆ ದೊಡ್ಡದು.

ಬೈಕ್ ನಂಬರ್ ಕಾಣುತ್ತದಾ? ಮುಖ ಗುರುತು ಸಿಗುತ್ತದಾ?

ಎಲ್ಲ ಕ್ಯಾಮೆರಾದಲ್ಲೂ ಇಲ್ಲ. ಅಗಲವಾಗಿ ತೋರಿಸುವ 2.8 ಮಿಲಿಮೀಟರ್ ಲೆನ್ಸಿನ ಸಾಮಾನ್ಯ ಕ್ಯಾಮೆರಾ ಇಡೀ ರಸ್ತೆ ತೋರಿಸುತ್ತದೆ. ಆದರೆ ಮುಖ ಗುರುತಿಸಲು ಮನುಷ್ಯ ಐದಾರು ಮೀಟರ್ ಒಳಗೆ ಇರಬೇಕು. ಅದರಾಚೆ ಬರೀ ಆಕಾರ. ರಾತ್ರಿ ಬೈಕಿನ ಹೆಡ್‌ಲೈಟ್ ಎದುರಿಗೆ ಬಂದರೆ ನಂಬರ್ ಪ್ಲೇಟ್ ಬೆಳ್ಳಗೆ ಮಾಸಿಹೋಗುತ್ತದೆ. ಅದಕ್ಕೇ ಬಡಾವಣೆಯ ಎರಡು ದಾರಿಗಳಲ್ಲಿ ಮಾತ್ರ ನಂಬರ್ ಪ್ಲೇಟಿಗೇ ಮೀಸಲಾದ ಕ್ಯಾಮೆರಾ. ಒಳಗಿನ ಓಣಿಗೆ ಸಾಮಾನ್ಯದ್ದು ಸಾಕು.

"ನಮ್ಮ ಓಣಿಗೆ ಒಂದೇ ಯಾಕೆ, ಅವರ ಓಣಿಗೆ ಎರಡು ಯಾಕೆ?" ಎಂದು ಕೇಳುವವರಿಗೂ ಇದೇ ಉತ್ತರ. ಯಾರೇ ಬಂದರೂ ಹೋದರೂ ಆ ಎರಡು ಬಾಯಿಯಿಂದಲೇ. ಹಂಚಿಕೆ ಓಣಿಯ ಲೆಕ್ಕದಲ್ಲಿ ಅಲ್ಲ, ದಾರಿಯ ಲೆಕ್ಕದಲ್ಲಿ ಆಗಿದೆ.

ಎಷ್ಟು ದಿನದ ರೆಕಾರ್ಡಿಂಗ್ ಇರುತ್ತದೆ?

30 ದಿನ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಿನಕ್ಕೆ ಸುಮಾರು 21.6 ಜಿಬಿ ತಿನ್ನುತ್ತದೆ. 14ಕ್ಕೆ ದಿನಕ್ಕೆ 300 ಜಿಬಿ, ತಿಂಗಳಿಗೆ 9 ಟಿಬಿ. ಹಳೆಯ ಕೊಟೇಶನ್‌ನಲ್ಲಿ 4 ಟಿಬಿ ಡಿಸ್ಕ್ ಬರೆದಿದ್ದರು. ಎರಡು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ನಿಮ್ಮ ಮನೆ ಮುಂದಿನ ದೃಶ್ಯ ಅಳಿಸಿಹೋಗಿರುತ್ತಿತ್ತು. ಬೇಸಿಗೆ ರಜೆಗೆ ತಿಂಗಳುಗಟ್ಟಲೆ ಊರಿಗೆ ಹೋಗುವವರು ನಾವು. 30 ದಿನಕ್ಕಿಂತ ಕಡಿಮೆ ಇಟ್ಟರೆ ಉಪಯೋಗವಿಲ್ಲ.

ನಮ್ಮ ಮಗಳು ಯಾವಾಗ ಬಂದಳು, ಯಾರ ಜೊತೆ ಬಂದಳು ಎಂದು ಯಾರಾದರೂ ನೋಡುತ್ತಾ ಕೂರುತ್ತಾರಾ?

ಈ ಪ್ರಶ್ನೆ ಸಭೆಯಲ್ಲಿ ಯಾರೂ ಕೇಳಲಿಲ್ಲ. ಸಭೆಗೆ ಬಂದವರು ಹೆಚ್ಚಾಗಿ ನಮ್ಮಂಥ ಗಂಡಸರೇ. ಆಮೇಲೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಹತ್ತಿರ ಕೇಳಿದಳು. ಎಷ್ಟು ಸರಿಯಾದ ಮಾತು! ಕಳ್ಳನಿಗೆ ಹಾಕಿದ ಕ್ಯಾಮೆರಾ ಓಣಿಯ ಹೆಣ್ಣುಮಕ್ಕಳ ಕಾವಲಾಗಿ ಬಿಡಬಾರದು. ಆ ಒಂದು ಪ್ರಶ್ನೆಗೆ ಉತ್ತರ ಕೂಡಿಸಲು ನಮಗೆ ಒಂದೂವರೆ ತಿಂಗಳು ಬೇಕಾಯಿತು. ತಡವಾಯಿತು ಎಂದು ನೀವು ಬೈದರೂ ಈ ಒಂದೂವರೆ ತಿಂಗಳ ಬಗ್ಗೆ ನನಗೆ ಬೇಜಾರಿಲ್ಲ.

ಈಗ ಆಗಿರುವ ತೀರ್ಮಾನ ಹೀಗಿದೆ. ಟಿವಿ ಪರದೆ ಯಾರ ಪಡಸಾಲೆಯಲ್ಲೂ ಇರುವುದಿಲ್ಲ. ಮೊಬೈಲಿನಲ್ಲಿ ನೋಡುವ ಅವಕಾಶ ಯಾರಿಗೂ ಇಲ್ಲ, ನನಗೂ ಇಲ್ಲ. ರೆಕಾರ್ಡಿಂಗ್ ತೆಗೆಯಬೇಕಾದರೆ ಇಬ್ಬರು ಕೂಡಬೇಕು, ಅವರಲ್ಲಿ ಒಬ್ಬರು ಹೆಂಗಸಾಗಿರಬೇಕು. ಯಾಕೆ ನೋಡಿದೆವು, ಯಾವ ದಿನದ್ದು, ಎಷ್ಟು ಗಂಟೆಯದ್ದು, ಎಲ್ಲ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಪಾರ್ಕಿನ ಬೆಂಚಿನ ಕಡೆ ಯಾವ ಕ್ಯಾಮೆರಾವೂ ತಿರುಗಿರುವುದಿಲ್ಲ. ಧ್ವನಿ ರೆಕಾರ್ಡ್ ಆಗುವುದಿಲ್ಲ. ಯಾರ ಕಿಟಕಿ, ಬಚ್ಚಲು, ತಾರಸಿ ಚೌಕಟ್ಟಿನೊಳಗೆ ಬಂದರೂ ಆ ಭಾಗವನ್ನು ಕಪ್ಪು ಪಟ್ಟಿಯಿಂದ ಮುಚ್ಚುವ ಸೌಲಭ್ಯ ರೆಕಾರ್ಡರ್‌ನಲ್ಲೇ ಇದೆ. ಹಾಕಿದ ದಿನ ನೀವೇ ಬಂದು ನಿಮ್ಮ ಮನೆ ಮುಂದಿನ ಚೌಕಟ್ಟು ನೋಡಿ ಒಪ್ಪಿಗೆ ಕೊಡಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹೆಣ್ಣುಮಕ್ಕಳ ಖಾಸಗಿ ದೃಶ್ಯ ಕದ್ದು ನೋಡುವುದು, ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಜೈಲಿನ ಅಪರಾಧ. ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 2023ರದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ಸ್ವಂತ ಮನೆ ಬಳಕೆಗೆ ಅದರಲ್ಲಿ ವಿನಾಯಿತಿ ಇದೆ. ಸಂಘದ ಕ್ಯಾಮೆರಾ ಸ್ವಂತ ಮನೆಯದಲ್ಲ ಅಲ್ವಾ? ಅದಕ್ಕೇ ನಾವು ಈಗಿನಿಂದಲೇ ಜಾಗ್ರತೆಯಿಂದ ನಡೆಯುತ್ತಿದ್ದೇವೆ.

ಪಾಸ್‌ವರ್ಡ್ ಯಾರ ಹತ್ತಿರ ಇರುತ್ತದೆ?

ಅರ್ಧರ್ಧ, ಇಬ್ಬರ ಹತ್ತಿರ. ಹಾಕುವವರು ಬಿಟ್ಟುಹೋಗುವ "ಅಡ್ಮಿನ್" ಪಾಸ್‌ವರ್ಡನ್ನು ಅದೇ ದಿನ ಬದಲಾಯಿಸುತ್ತೇವೆ. 2025ರ ಆರಂಭದಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಹೊರಗೆ ಮಾರಾಟವಾದ ಸುದ್ದಿ ಓದಿರಬಹುದು. ಆ ತಾಯಂದಿರ ಸಂಕಟ ಓದಿ ನಿದ್ದೆ ಬರಲಿಲ್ಲ.

ಅನುಮಾನ ಬಂದವರ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಬೇಗ ಸಿಕ್ಕಿಬೀಳುತ್ತಾರೆ ಅಲ್ವಾ?

ಬೇಡ. ದಯವಿಟ್ಟು ಬೇಡ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಎಂದು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂದು ವಾಟ್ಸಾಪಿನಲ್ಲಿ ಸುದ್ದಿ ಹರಡಿತು. ಗುಂಪು ಸೇರಿ ಹೊಡೆಯಿತು. ಒಬ್ಬ ಯುವ ಇಂಜಿನಿಯರ್ ಸತ್ತ. ಅವನು ಯಾವ ತಪ್ಪೂ ಮಾಡಿರಲಿಲ್ಲ.

ನಮ್ಮ ಓಣಿಗೆ ಚಾಪೆ ಮಾರುವವರು, ಸ್ಟವ್ ರಿಪೇರಿಯವರು, ಹಳೆ ಬಟ್ಟೆಗೆ ಪಾತ್ರೆ ಕೊಡುವವರು ಬರುತ್ತಾರೆ. ಎಲ್ಲರೂ ದುಡಿದು ತಿನ್ನುವವರು. ಕ್ಯಾಮೆರಾದಲ್ಲಿ ಎರಡು ಸಲ ಕಂಡರು ಎಂದು ಅವರ ಮುಖ ಗ್ರೂಪಿಗೆ ಹಾಕಿದರೆ ಮುಂದೆ ಆಗುವುದಕ್ಕೆ ಯಾರು ಜವಾಬ್ದಾರಿ? ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ. ದೃಶ್ಯ ಹೋಗಬೇಕಾದದ್ದು ಠಾಣೆಗೆ ಮಾತ್ರ.

ಪೊಲೀಸರು ಬಂದು ಕೇಳಿದರೆ ಕೊಡುತ್ತೀರಾ?

ಖಂಡಿತ ಕೊಡುತ್ತೇವೆ. ಲಿಖಿತ ಸೂಚನೆ ಪಡೆದು ಕೊಡುತ್ತೇವೆ. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಕೊಟ್ಟ ಮೇಲೂ ಒಂದು ಕೆಲಸ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದೃಶ್ಯದ ಜೊತೆ ಪ್ರಮಾಣಪತ್ರ ಇರಬೇಕು. ಯಾವ ಯಂತ್ರದಿಂದ ತೆಗೆದದ್ದು, ಯಾರು ತೆಗೆದರು, ಫೈಲನ್ನು ತಿದ್ದಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆ ಏನು ಎಂದು ಅದರಲ್ಲಿ ಬರೆಯಬೇಕು. ಒಂದು ಭಾಗಕ್ಕೆ ನಮ್ಮ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಇದಿಲ್ಲದಿದ್ದರೆ ಕೋರ್ಟಿನಲ್ಲಿ ಆ ದೃಶ್ಯ ನಿಲ್ಲುವುದು ಕಷ್ಟ. ಇನ್ನೊಂದು ಮಾತು: ರೆಕಾರ್ಡರ್‌ನ ಗಡಿಯಾರ ಸರಿಯಾಗಿರಬೇಕು. ಹತ್ತು ನಿಮಿಷ ಹಿಂದೆ ಮುಂದೆ ಇದ್ದರೆ ಆರೋಪಿ ಪರ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಇದೆಲ್ಲ ಸರ್ಕಾರವೇ ಮಾಡಬೇಕಾದ ಕೆಲಸ ಅಲ್ವಾ?

ಮುಖ್ಯ ರಸ್ತೆ, ಸರ್ಕಲ್ಲು, ಬಸ್ ನಿಲ್ದಾಣ ಹೌದು. ಕಲಬುರಗಿಗೆ 2019ರಿಂದ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಇದೆ. ದೊಡ್ಡ ಅಂಗಡಿ, ಆಸ್ಪತ್ರೆ, ಕಾಲೇಜು, ಗುಡಿ ಮಸೀದಿಗಳಂಥ ಜನ ಸೇರುವ ಜಾಗಗಳಿಗೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಅನ್ವಯಿಸುತ್ತದೆ. ಒಂದೇ ಸಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಕಡೆ ಆ ಜಾಗದವರೇ ಕ್ಯಾಮೆರಾ ಹಾಕಿ 30 ದಿನದ ರೆಕಾರ್ಡಿಂಗ್ ಇಡಬೇಕು. ನಮ್ಮ ಒಳ ಓಣಿಗಳು ಇದರಲ್ಲಿ ಬರುವುದಿಲ್ಲ.

ಸರ್ಕಾರದ ಕೆಲಸಕ್ಕೂ ಕಾಲ ಹಿಡಿಯುತ್ತದೆ. ಬೆಂಗಳೂರಿನ ಸೇಫ್ ಸಿಟಿ ಯೋಜನೆ ನಿರ್ಭಯಾ ನಿಧಿಯಲ್ಲಿ 2018ರಲ್ಲೇ ಮಂಜೂರಾಯಿತು. ಕಮಾಂಡ್ ಸೆಂಟರ್ ಉದ್ಘಾಟನೆ ಆದದ್ದು 2023ರ ನವೆಂಬರ್‌ನಲ್ಲಿ. ಎಲ್ಲ ಪೊಲೀಸ್ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. 2025ರಲ್ಲಿ ಅದೇ ಕೋರ್ಟ್ ಆ ವಿಷಯವನ್ನು ಮತ್ತೆ ತಾನಾಗಿಯೇ ಎತ್ತಿಕೊಳ್ಳಬೇಕಾಯಿತು. ಪಕ್ಕದ ಹೈದರಾಬಾದಿನಲ್ಲಿ ಬೇರೆ ದಾರಿ ಹಿಡಿದರು. "ನೇನು ಸೈತಂ", ಅಂದರೆ ನಾನೂ ಸೈತ, ಎಂಬ ಹೆಸರಿನಲ್ಲಿ ಓಣಿಯವರು ಹಣ ಹಾಕಿದರು, ಪೊಲೀಸರು ಜೊತೆ ನಿಂತರು. ನಮ್ಮದೂ ಅದೇ ಮಾದರಿ. ಸರ್ಕಾರದಿಂದ ಕೇಳಬೇಕಾದದ್ದು ಅನುಮತಿ, ಬೆಳಕು, ಪೊಲೀಸರ ಬೀಟ್ (ಗಸ್ತು). ಇವುಗಳ ಸ್ಥಿತಿ ತಿಳಿಯಬೇಕಾದರೆ ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು. 30 ದಿನದಲ್ಲಿ ಉತ್ತರ ಬರಬೇಕು.

ಅಲ್ಲಿಯತನಕ ಖಾಲಿ ಡಬ್ಬಿ ಕ್ಯಾಮೆರಾ ತೂಗುಹಾಕಿದರೆ?

ಬೇಡ. ಕಳ್ಳರಿಗೆ ಬೇಗ ಗೊತ್ತಾಗುತ್ತದೆ. ನಮ್ಮವರು ಮಾತ್ರ ನಂಬಿ ಮೈಮರೆಯುತ್ತಾರೆ.

ನಮ್ಮ ಮನೆ ಗೇಟಿಗೆ ನಾವೇ ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಿ, ಒಳ್ಳೆಯದು. ಪ್ರಮಾಣಪತ್ರ ಇರುವ ಮಾದರಿ ನೋಡಿ. ನಿಮ್ಮ ಗೇಟು, ಮುಂದಿನ ರಸ್ತೆ ಕಂಡರೆ ಸಾಕು. ಎದುರು ಮನೆಯವರಿಗೆ ಒಂದು ಮಾತು ಹೇಳಿ, ಅವರಿಗೆ ತೋರಿಸಿ. ರಾತ್ರಿಯ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬಲೆ ಕಟ್ಟುತ್ತದೆ. ವಾರಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ.

ಅಷ್ಟರವರೆಗೆ ನಾವು ಸುಮ್ನೆ ಕೂರಬೇಕಾ?

ಇಲ್ಲ. ಈಗಾಗಲೇ ಎರಡು ಕೆಲಸ ಆಗಿವೆ. ಕೆಟ್ಟಿದ್ದ ಬೀದಿ ದೀಪಗಳ ಕಂಬದ ಸಂಖ್ಯೆ ಬರೆದು ದೂರು ಕೊಟ್ಟೆವು, ಬಹುತೇಕ ಉರಿಯುತ್ತಿವೆ. ಮೂಲೆಯ ಬೇವಿನ ಮರದ ತಗ್ಗಿದ ಕೊಂಬೆಗಳು ದೀಪದ ಬೆಳಕನ್ನೆಲ್ಲ ನುಂಗುತ್ತಿದ್ದವು. ಮರಕ್ಕೆ ನೋವಾಗದಷ್ಟು, ಅನುಮತಿ ಪಡೆದು, ಆ ಕೊಂಬೆಗಳನ್ನಷ್ಟೇ ಸವರಿಸಿದೆವು. ಆ ಮೂಲೆಯಲ್ಲಿ ಈಗ ರಾತ್ರಿ ಹತ್ತಕ್ಕೂ ಹೆಣ್ಣುಮಕ್ಕಳು ಧೈರ್ಯವಾಗಿ ನಡೆದು ಬರುತ್ತಾರೆ. ಇದಕ್ಕೆ ಖರ್ಚಾದದ್ದು ಒಂದು ಕ್ಯಾಮೆರಾದ ಬೆಲೆಗಿಂತ ಕಡಿಮೆ.

ಊರಿಗೆ ಹೋಗುವಾಗ ಠಾಣೆಗೆ ಒಂದು ಚೀಟಿ ಕೊಟ್ಟು ಹೋಗಿ. ಬೀಟ್‌ನವರು ರಾತ್ರಿ ನಿಮ್ಮ ಮನೆ ಕಡೆ ಒಮ್ಮೆ ಹಾಯುತ್ತಾರೆ. ಹಾಲು, ಪೇಪರ್ ನಿಲ್ಲಿಸಿ. ಗೇಟಿಗೆ ಹೊರಗಿನಿಂದ ದೊಡ್ಡ ಬೀಗ ತೂಗುವುದಕ್ಕಿಂತ ಒಳಗಿನಿಂದ ಹಾಕಿ. ಪಕ್ಕದ ಮನೆಯವರಿಗೆ ಹೇಳಿ. ಸಂಜೆ ನಿಮ್ಮ ಅಂಗಳದ ದೀಪ ಹಚ್ಚಲು ಅವರಿಗೆ ಸ್ವಿಚ್ ತೋರಿಸಿ ಹೋಗಿ.

ಹಾಗಾದರೆ ಯಾವಾಗ? ದಿನಾಂಕ ಹೇಳಿ.

ಪೂರ್ತಿ 14ಕ್ಕೆ ದಿನಾಂಕ ಹೇಳಿ ಮತ್ತೆ ನಿಮ್ಮ ಮುಂದೆ ತಲೆ ತಗ್ಗಿಸಲು ಇಷ್ಟವಿಲ್ಲ. ಕೆಲಸವನ್ನು ಎರಡು ಮಾಡಿದ್ದೇವೆ. ಮೊದಲು ಎರಡು ದಾರಿಯ ಬಾಯಿಗಳು ಮತ್ತು ಗುಡಿ ಕೂಡುರಸ್ತೆ, ಒಟ್ಟು ಐದು ಕ್ಯಾಮೆರಾ. ಇವಕ್ಕೆ ರಸ್ತೆ ಅಗೆಯುವುದು ಬೇಕಿಲ್ಲ. ಮೀಟರ್ ಬಂದ ವಾರವೇ ಶುರು. ಉಳಿದ ಒಂಬತ್ತು ಪಾಲಿಕೆಯ ಅನುಮತಿ ಸಿಕ್ಕ ಮೇಲೆ, ಮಳೆಗಾಲ ಶುರುವಾಗುವ ಮುಂಚೆ ಕಂಬದ ಗುಂಡಿ ಮುಗಿಸಿಕೊಂಡು.

ಹಣ ಕೊಡದ 34 ಮನೆಯವರಲ್ಲಿ ಹೆಚ್ಚಿನವರು ಬಾಡಿಗೆದಾರರು. ಅವರ ಹತ್ತಿರ ಕೇಳುವುದು ಬೇಡ, ಮನೆ ಮಾಲೀಕರನ್ನು ಕೇಳೋಣ ಎಂದು ತೀರ್ಮಾನವಾಗಿದೆ. ಮಾಲೀಕರ ಫೋನ್ ನಂಬರ್ ಗೊತ್ತಿದ್ದರೆ ಖಜಾಂಚಿಯವರಿಗೆ ಕೊಡಿ.

ಇನ್ನು ಜನ ಬೇಕು. ಫುಟೇಜ್ ಪುಸ್ತಕ ನೋಡಿಕೊಳ್ಳಲು ನಾಲ್ವರು, ಅವರಲ್ಲಿ ಇಬ್ಬರು ಹೆಂಗಸರು. ಈಗ ಮೂವರು ಒಪ್ಪಿದ್ದಾರೆ. ರಂಗೋಲಿ ಹಾಕುವ ಅಕ್ಕ ಮೊದಲು ಹೆಸರು ಕೊಟ್ಟರು. ಇನ್ನೂ ಒಬ್ಬರು ಹೆಂಗಸು ಬೇಕು. ವಾರಕ್ಕೆ ಅರ್ಧ ಗಂಟೆಯ ಕೆಲಸ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗುಡಿ ಕಟ್ಟೆಗೆ ಬನ್ನಿ.